ಏಳು ಹಳೇ ಕಾರು, ಒಂದು ಒದ್ದೆ ಟವೆಲ್

ಮೈಸೂರಿನಿಂದ ಮೇಲುಕೋಟೆಗೆ ಹೆಚ್ಚುಕಮ್ಮಿ 50 ಕಿಲೋಮೀಟರ್. ನಮ್ಮ ಹಳೇ ಕಾರಿನ ಬಳಗಕ್ಕೆ ನಾನು ಹಾಕಿಕೊಟ್ಟ ಲೆಕ್ಕ ನಾಲ್ಕು ಗಂಟೆ. ಎಲ್ಲರೂ ನಕ್ಕರು. ಹಿಡಿದಿದ್ದು ಐದು.

ಮೂರು ಫಿಯೆಟ್, ಎರಡು ಅಂಬಾಸಿಡರ್, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್, ಒಂದು ಮಾರಿಸ್ ಮೈನರ್. ನನ್ನದು ಅಪ್ಪನ ಕಾಲದ 1972ರ ಫಿಯೆಟ್, ಗೇರು ಸ್ಟೇರಿಂಗ್ ಪಕ್ಕದಲ್ಲೇ ಇರುವಂಥದ್ದು. ಶನಿವಾರ ಬೆಳಗ್ಗೆ ಆರಕ್ಕೆ ಹೊರಟೆವು. ಎಕ್ಸ್‌ಪ್ರೆಸ್‌ವೇ ಬೇಡ ಅಂತ ಮೊದಲೇ ಹೇಳಿಬಿಟ್ಟಿದ್ದೆ. ನೂರರಲ್ಲಿ ಬರುವವರ ಮಧ್ಯೆ ನಲವತ್ತೈದರಲ್ಲಿ ಹೋಗುವ ಹುಚ್ಚು ಯಾಕೆ? ಸರ್ವಿಸ್ ರಸ್ತೆಯಲ್ಲಿ ಶ್ರೀರಂಗಪಟ್ಟಣ, ಆಮೇಲೆ ಪಾಂಡವಪುರ, ಕೆರೆ ತೊಣ್ಣೂರು. ಎಲ್ಲರಿಗಿಂತ ನಿಧಾನದ ಮೈನರ್ ಮುಂದೆ, ಸ್ಪ್ಯಾನರ್ ಡಬ್ಬ ಇದ್ದ ಅಂಬಾಸಿಡರ್ ಕೊನೆಗೆ. ಇದೊಂದು ಸರಿಮಾಡಿಕೊಂಡರೆ ಯಾರೂ ಹಿಂದೆ ಉಳಿಯುವುದಿಲ್ಲ.

ತೊಣ್ಣೂರು ಕೆರೆ ಏರಿ ಮೇಲೆ ತಿಂಡಿ. ಇಡ್ಲಿ ಡಬ್ಬ ಖಾಲಿಯಾಗುವಷ್ಟರಲ್ಲಿ ಬಿಸಿಲೇರಿತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡೆವು. ಎರಡು ಟ್ರೇಲರ್, ನಡೆಯುವ ವೇಗ. ಸೆಕೆಂಡ್ ಗೇರಿನಲ್ಲೇ ಉರುಳಿಸಿ ಉರುಳಿಸಿ, ಮೇಲುಕೋಟೆ ಏರಿನಲ್ಲಿ ನನ್ನ ಫಿಯೆಟ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಪೆಟ್ರೋಲ್ ಇತ್ತು, ಕರೆಂಟೂ ಬರುತ್ತಿತ್ತು. ಆದದ್ದು ಇಷ್ಟೇ: ಫಿಯೆಟ್‌ನಲ್ಲಿ ಪೆಟ್ರೋಲ್ ಪಂಪು ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಇಂಜಿನ್ ಕಾದರೆ ಪಂಪಿನೊಳಗೆ ಪೆಟ್ರೋಲ್ ಆವಿಯಾಗುತ್ತದೆ. ಆವಿಯನ್ನು ಪಂಪು ಎಳೆಯಲಾರದು. ಟವೆಲ್ ನೆನೆಸಿ ಪಂಪಿಗೆ ಸುತ್ತಿ ಸುಮ್ನೆ ಕೂತೆ. ಅಂದಹಾಗೆ, ಈಗಿನ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಹಳೇ ಪಂಪಿನ ರಬ್ಬರನ್ನೂ ತಿನ್ನುತ್ತದೆ. ಎಥೆನಾಲ್ ಮಾಡೋದು ಕಬ್ಬಿನಿಂದಲೂ ಅಲ್ವಾ? ಮಂಡ್ಯದ ಕಬ್ಬು ನನ್ನನ್ನು ಎರಡು ಕಡೆಯಿಂದಲೂ ಹಿಡಿದಿತ್ತು.

ಗದ್ದೆ ಕಡೆಯಿಂದ ಒಬ್ಬ ಅಜ್ಜ ಬಿಂದಿಗೆ ಹಿಡಿದು ಬಂದರು.

"ಯಾವ್ ಕಾಲದ್ ಗಾಡಿ ಸಾ ಇದು? ನಮ್ಮೂರ್ ಡಾಕ್ಟ್ರು ಇದ್ರಲ್ಲೇ ಬರೋರು."

ಹೇಳುತ್ತಲೇ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದರು. "ಅಯ್ಯೋ ಬೇಡ ಯಜಮಾನ್ರೇ, ಕೈ ಸುಡುತ್ತೆ!" ಅಂತ ಹಿಡಿದೆ. ಕಾದ ಇಂಜಿನ್ನಿಗೆ ತಣ್ಣೀರು ಬಿದ್ದರೆ ಅದರ ಮೇಲ್ಭಾಗದ ಹೆಡ್ಡು ಸೀಳುವುದೂ ಉಂಟು. ಅವರ ನೀರನ್ನು ಟವೆಲ್ ಮೇಲೇ ಹೊಯ್ದೆವು. ಕಾಲು ಗಂಟೆಗೆ ಗಾಡಿ ಗುರ್ ಅಂತು. ಅಜ್ಜ ಮುಂದಿನ ಸೀಟಿನಲ್ಲಿ ಕೂತು ಮೇಲುಕೋಟೆವರೆಗೂ ಬಂದರು, ಒಂದು ಕೈ ಕಿಟಕಿಯಾಚೆ.

ಮಧ್ಯಾಹ್ನ ಪುಳಿಯೋಗರೆ, ಸಂಜೆ ಕಲ್ಯಾಣಿ ಮೆಟ್ಟಿಲು. ಕಾರಿನ ಮಾತು ಆಡಬಾರದು ಅಂತ ಹೆಂಗಸರು ಕಟ್ಟಪ್ಪಣೆ ಮಾಡಿದ್ದರು. ಹತ್ತು ನಿಮಿಷ ಪಾಲಿಸಿದೆವು. ಆಮೇಲೆ ಹೆರಾಲ್ಡ್‌ನವರು ಬಾನೆಟ್ ಎತ್ತಿದರು. ಅದು ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ. ಊರಿನ ಮಕ್ಕಳೆಲ್ಲ ಅಲ್ಲೇ.

ಭಾನುವಾರ ನಸುಕಿನಲ್ಲೇ ಇಳಿದೆವು. ಟ್ರ್ಯಾಕ್ಟರುಗಳು ಇನ್ನೂ ರಸ್ತೆಗೆ ಬಂದಿರಲಿಲ್ಲ. ಮುಂದಿನ ಸಲ ಬನ್ನೂರು ಮೇಲೆ ಸೋಮನಾಥಪುರ. ಆ ದಾರಿಯಲ್ಲಿ ಇಂಥ ಏರಿಲ್ಲ. ಟವೆಲ್ ಮಾತ್ರ ಎರಡು ಇಟ್ಟುಕೊಂಡಿದ್ದೇನೆ.