ಗೇರ್‌ಬಾಕ್ಸ್ ಇಳಿಸುವ ಮೊದಲು ನಾನು ನೋಡುವುದು

ಹಾಸನದಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರ ಬದಿಯಲ್ಲಿ ನನ್ನ ಗ್ಯಾರೇಜ್ ಇರುವುದರಿಂದ, ಶಿರಾಡಿ ಘಾಟಿ ಹತ್ತಿ ಬಂದ ಕಾರುಗಳೂ ಸಕಲೇಶಪುರದ ಕಾಫಿ ತೋಟಗಳ ಕಡಿದಾದ ದಾರಿಯಲ್ಲಿ ದಿನವೂ ಓಡಾಡುವ ಕಾರುಗಳೂ ನನ್ನಲ್ಲಿಗೆ ಬರುತ್ತವೆ. ಗೇರ್ ಬೀಳದಿದ್ದರೂ, ಎಳೆತ ಕಡಿಮೆಯಾದರೂ, ಕಾರು ಜರ್ಕ್ ಹೊಡೆದರೂ ಮಾಲೀಕರು ಹೇಳುವುದು ‘ಗೇರ್‌ಬಾಕ್ಸ್ ಹೋಗಿದೆ’ ಎಂಬ ಒಂದೇ ಮಾತು. ಆದರೆ ನಾನು ಕಂಡಂತೆ ಪೆಟ್ಟಿಗೆಯೊಳಗೆ ಹಲ್ಲು ಮುರಿದ ಅಥವಾ ಶಾಫ್ಟ್ ಕೆಟ್ಟ ಪ್ರಕರಣಗಳು ಕಡಿಮೆ. ದೋಷ ಸಾಮಾನ್ಯವಾಗಿ ಕ್ಲಚ್ಚಿನಲ್ಲಿ, ಕೇಬಲ್ಲಿನಲ್ಲಿ, ಎಣ್ಣೆಯಲ್ಲಿ, ಕೆಲವೊಮ್ಮೆ ಬ್ಯಾಟರಿಯಲ್ಲಿ ಇರುತ್ತದೆ. ಆದ್ದರಿಂದ ಹೊರಗಿನಿಂದ ತಿಳಿಯಬಹುದಾದುದನ್ನೆಲ್ಲ ತಿಳಿದುಕೊಳ್ಳದೆ ನಾನು ಬಾಕ್ಸ್ ಇಳಿಸುವುದಿಲ್ಲ.

ಮ್ಯಾನುಯಲ್ ಕಾರಿನಲ್ಲಿ ಗೇರ್ ಬೀಳುತ್ತಿಲ್ಲ ಎಂಬ ದೂರು ಬಂದರೆ ಮೊದಲು ಎಂಜಿನ್ ಆಫ್ ಮಾಡಿ ಎಲ್ಲ ಗೇರುಗಳನ್ನೂ ಹಾಕಿ ನೋಡುತ್ತೇನೆ. ಎಂಜಿನ್ ನಿಂತಿರುವಾಗ ಸಲೀಸಾಗಿ ಬಿದ್ದು, ಚಾಲೂ ಆದ ಮೇಲೆ ಬಿಗಿಯಾಗುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದು ತಿಳಿಯಬೇಕು. ಆಗ ನೋಡಬೇಕಾದುದು ಕ್ಲಚ್ಚಿನ ದ್ರವದ ಮಟ್ಟವನ್ನು, ಪೆಡಲಿನ ಒತ್ತಡವನ್ನು ಆ ದ್ರವದ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಮಾಸ್ಟರ್ ಸಿಲಿಂಡರ್ ಮತ್ತು ಸ್ಲೇವ್ ಸಿಲಿಂಡರ್ ಸೋರುತ್ತಿವೆಯೇ ಎಂಬುದನ್ನು, ಹಳೆಯ ಕಾರಾದರೆ ಕ್ಲಚ್ ಕೇಬಲ್ಲನ್ನು. ಎಂಜಿನ್ ನಿಂತಿರುವಾಗಲೂ ಗೇರ್ ಬಿಗಿಯಾಗಿದ್ದರೆ ಮಾತ್ರ ಗೇರ್ ಕೇಬಲ್, ಅದರ ತುದಿಯ ಬುಷ್, ಕೊನೆಗೆ ಬಾಕ್ಸಿನ ಒಳಭಾಗದ ಕಡೆಗೆ ಹೋಗುತ್ತೇನೆ. ತುದಿಯ ಬುಷ್ ಒಡೆದು ಲಿವರ್ ಅಲ್ಲಾಡುವುದು ಸಣ್ಣ ಖರ್ಚಿನ ಕೆಲಸ; ಅದನ್ನು ನೋಡದೆ ಬಾಕ್ಸ್ ಬಿಚ್ಚಿದರೆ ಗಿರಾಕಿಗೆ ಅನ್ಯಾಯವಾಗುತ್ತದೆ.

ಕ್ಲಚ್ ಪ್ಲೇಟ್ ಜಾರುತ್ತಿದೆಯೇ ಎಂದು ತಿಳಿಯಲು ಸಮತಟ್ಟಾದ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕನ್ನೂ ಒತ್ತಿ ಹಿಡಿದು, ಮೂರನೆಯ ಅಥವಾ ನಾಲ್ಕನೆಯ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತೇನೆ. ಪ್ಲೇಟ್ ಸರಿಯಿದ್ದರೆ ಎಂಜಿನ್ ತಕ್ಷಣ ನಿಂತುಹೋಗುತ್ತದೆ; ಪೆಡಲ್ ಪೂರ್ತಿ ಬಿಟ್ಟ ಮೇಲೂ ಓಡುತ್ತಲೇ ಇದ್ದರೆ ಪ್ಲೇಟಿನ ಆಯುಷ್ಯ ಮುಗಿದಿದೆ. ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬಾರದು, ಏಕೆಂದರೆ ಉಳಿದ ಪ್ಲೇಟನ್ನೂ ಅದೇ ತಿನ್ನುತ್ತದೆ. ಘಾಟಿಯಲ್ಲಿ ಲಾರಿಯ ಹಿಂದೆ ನಿಂತು, ಬ್ರೇಕ್ ಬಳಸದೆ ಹಾಫ್ ಕ್ಲಚ್ಚಿನಲ್ಲಿ, ಅಂದರೆ ಪೆಡಲನ್ನು ಅರ್ಧ ಒತ್ತಿ, ಕಾರನ್ನು ತಡೆದು ಹಿಡಿಯುವವರ ಪ್ಲೇಟ್ ಬಹುಬೇಗ ಸವೆಯುತ್ತದೆ. ಸುಟ್ಟ ವಾಸನೆಯೊಡನೆ ಬರುವ ಕಾರುಗಳಲ್ಲಿ ಬಹುಪಾಲು ಇಂಥವರದೇ.

ಸದ್ದಿನಿಂದಲೂ ಬಹಳಷ್ಟು ತಿಳಿಯುತ್ತದೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಗುಂಯ್‌ಗುಟ್ಟುವ ಸದ್ದು ಪೆಡಲ್ ಒತ್ತಿದೊಡನೆ ನಿಂತರೆ ಅದು ಬಹುಮಟ್ಟಿಗೆ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಪೆಡಲ್ ಒತ್ತಿದಾಗಲೇ ಸದ್ದು ಶುರುವಾದರೆ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಎಂದರೆ ಬಾಕ್ಸಿಗೂ ಅದಕ್ಕೂ ಸಂಬಂಧವಿಲ್ಲ, ಆ್ಯಕ್ಸಲ್ ಜಾಯಿಂಟ್ ಸವೆದಿರುತ್ತದೆ. ಆಕ್ಸಿಲರೇಟರ್ ಬಿಟ್ಟು ಒತ್ತುವಾಗ ಧಡ್ ಎಂದು ಹೊಡೆದರೆ ಎಂಜಿನ್ ಮೌಂಟಿಂಗಿನ ರಬ್ಬರ್ ನೋಡಬೇಕು. ಪ್ಲೇಟ್ ಬದಲಿಸುವಾಗ ಪ್ರೆಶರ್ ಪ್ಲೇಟನ್ನೂ ರಿಲೀಸ್ ಬೇರಿಂಗನ್ನೂ ಒಟ್ಟಿಗೇ ಹಾಕುತ್ತೇನೆ. ಬಾಕ್ಸ್ ಇಳಿಸಿ ಏರಿಸುವ ಕೂಲಿಯೇ ದೊಡ್ಡದಾಗಿರುವುದರಿಂದ ಬೇರಿಂಗ್ ಉಳಿಸುವುದರಲ್ಲಿ ಲಾಭವಿಲ್ಲ.

ಎರಡನೆಯ ಅಥವಾ ಮೂರನೆಯ ಗೇರಿಗೆ ಹಾಕುವಾಗ ಮಾತ್ರ ಕರ್ರ್ ಎಂದರೆ, ಗೇರ್ ಕೂಡುವ ಮೊದಲು ಉಜ್ಜಿ ಹಿಡಿದು ವೇಗ ಹೊಂದಿಸುವ ಸಿಂಕ್ರೊನೈಸರ್ ರಿಂಗ್ ಸವೆದಿರಬಹುದು. ಈ ರಿಂಗುಗಳು ಬಹಳ ಕಾರುಗಳಲ್ಲಿ ಹಿತ್ತಾಳೆಯವು. ಜಿಎಲ್-4 ದರ್ಜೆಯ ಎಣ್ಣೆ ಬೇಡುವ ಬಾಕ್ಸಿಗೆ ‘ಇನ್ನೂ ಒಳ್ಳೆಯದು’ ಎಂದು ಜಿಎಲ್-5 ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಹಲ್ಲುಗಳಿಗಾಗಿ ಆ ಎಣ್ಣೆಗೆ ಹೆಚ್ಚಾಗಿ ಬೆರೆಸಿರುವ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಬಲ್ಲದು, ಜೊತೆಗೆ ಹೆಚ್ಚಿನ ಜಾರುವ ಗುಣದಿಂದ ರಿಂಗ್ ಹಿಡಿಯಬೇಕಾದಾಗ ಹಿಡಿಯುವುದಿಲ್ಲ. ಕೈಪಿಡಿಯಲ್ಲಿ ಬರೆದ ದರ್ಜೆಗಿಂತ ನನ್ನ ಬುದ್ಧಿ ದೊಡ್ಡದಲ್ಲ ಎಂದು ನನ್ನ ಹುಡುಗರಿಗೂ ಹೇಳಿಟ್ಟಿದ್ದೇನೆ.

2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಜೊತೆಗೆ ಬಂದ ಮೇಲೆ ಸಣ್ಣ ಕಾರುಗಳಲ್ಲೂ ಕ್ಲಚ್ ಪೆಡಲ್ ಇಲ್ಲದ ಗಾಡಿಗಳು ಹೆಚ್ಚಾದವು. ಹೆಸರಿಗೆ ಆಟೊಮ್ಯಾಟಿಕ್ ಆದರೂ ಎಎಂಟಿಯ ಒಳಗಿರುವುದು ಮ್ಯಾನುಯಲ್ ಬಾಕ್ಸೇ, ಕ್ಲಚ್ ಪ್ಲೇಟೂ ಅದೇ. ಕಾಲು ಮತ್ತು ಕೈ ಮಾಡುವ ಕೆಲಸವನ್ನು ಆ್ಯಕ್ಚುಯೇಟರ್ ಮಾಡುತ್ತದೆ, ಅಷ್ಟೇ. ಇದನ್ನು ಅರಿಯದವರು ಏರಿನಲ್ಲಿ ಆಕ್ಸಿಲರೇಟರ್ ಒತ್ತಿಯೇ ಕಾರನ್ನು ನಿಲ್ಲಿಸಿಕೊಳ್ಳುತ್ತಾರೆ. ಅದು ಹಾಫ್ ಕ್ಲಚ್ಚಿನಲ್ಲಿ ನಿಂತಂತೆಯೇ. ಎಎಂಟಿ ಗೇರಿಗೆ ಬರುತ್ತಿಲ್ಲ ಎಂದಾಗ ನಾನು ಮೊದಲು ಹಿಂದೆ ಹೋಗಿ ಬ್ರೇಕ್ ದೀಪ ಹತ್ತುತ್ತಿದೆಯೇ ಎಂದು ನೋಡುತ್ತೇನೆ, ಏಕೆಂದರೆ ಬ್ರೇಕ್ ಒತ್ತಿದ ಸುದ್ದಿ ಸ್ವಿಚ್ಚಿನಿಂದ ಮುಟ್ಟದಿದ್ದರೆ ಕಂಪ್ಯೂಟರ್ ಗೇರ್ ಹಾಕಲು ಒಪ್ಪುವುದಿಲ್ಲ. ಆಮೇಲೆ ಬ್ಯಾಟರಿಯ ವೋಲ್ಟೇಜ್, ಆಮೇಲೆ ಆ್ಯಕ್ಚುಯೇಟರಿನ ಎಣ್ಣೆ. ಹೊಸ ಪ್ಲೇಟ್ ಹಾಕಿದ ಬಳಿಕ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಸ್ಕ್ಯಾನರ್ ಮೂಲಕ ಅದಕ್ಕೆ ಮತ್ತೆ ಕಲಿಸಬೇಕು. ಸ್ಕ್ಯಾನರ್ ಇಲ್ಲದ ಕಡೆ ಪ್ಲೇಟ್ ಹಾಕಿಸಿಕೊಂಡು, ಹೊರಡುವಾಗಲೆಲ್ಲ ಜರ್ಕ್ ಎನ್ನುತ್ತ ಬಂದ ಕಾರುಗಳನ್ನು ನಾನು ಏನನ್ನೂ ಬಿಚ್ಚದೆಯೇ ಸರಿಪಡಿಸಿದ್ದೇನೆ.

ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್‌ನಲ್ಲಿ ಎಣ್ಣೆಯೇ ಶಕ್ತಿಯನ್ನು ದಾಟಿಸುವುದರಿಂದ ಅಲ್ಲಿನ ಮೊದಲ ಸಾಕ್ಷಿಯೂ ಎಣ್ಣೆಯೇ. ಸಾಮಾನ್ಯವಾಗಿ ಕೆಂಪಾಗಿರುವ ಎಣ್ಣೆ ಕಂದು ತಿರುಗಿ ಸುಟ್ಟ ವಾಸನೆ ಬರುತ್ತಿದ್ದರೆ ಒಳಗಿನ ಕ್ಲಚ್ ಪದರಗಳು ಉರಿದಿವೆ. ಲಿವರನ್ನು ಡಿ ಸ್ಥಾನಕ್ಕೆ ತಂದ ಮೇಲೆ ಕಾರು ತಡವಾಗಿ ಹೊರಡುವುದಕ್ಕೆ ಎಣ್ಣೆ ಕಡಿಮೆಯಾಗಿರುವುದು ಒಂದು ಸಾಮಾನ್ಯ ಕಾರಣ. ಡ್ರೈನ್ ಬೋಲ್ಟ್ ಬಿಚ್ಚಿದರೆ ಹಳೆಯ ಎಣ್ಣೆ ಪೂರ್ತಿ ಬರುವುದಿಲ್ಲ, ಕನ್ವರ್ಟರಿನೊಳಗೆ ಸಾಕಷ್ಟು ಉಳಿಯುತ್ತದೆ. ಮಟ್ಟವನ್ನೂ ತಯಾರಕರು ಹೇಳಿದ ಉಷ್ಣತೆಯಲ್ಲಿಯೇ ಅಳೆಯಬೇಕು. ‘ಜೀವಮಾನದ ಎಣ್ಣೆ’ ಎಂಬ ಮಾತನ್ನು, ಘಾಟಿಯ ಕಾರುಗಳ ಮಟ್ಟಿಗಾದರೂ, ನಾನು ನಂಬುವುದಿಲ್ಲ.

ಸಿವಿಟಿ ಎಂಬ ಬಗೆಯ ಆಟೊಮ್ಯಾಟಿಕ್‌ನಲ್ಲಿ ಹಲ್ಲಿನ ಗೇರುಗಳ ಬದಲು ಅಗಲ ಬದಲಾಗುವ ಎರಡು ಪುಲ್ಲಿಗಳೂ ಉಕ್ಕಿನ ಬೆಲ್ಟೂ ಇರುತ್ತವೆ. ಒಮ್ಮೆಲೇ ಒತ್ತಿದಾಗ ಎಂಜಿನ್ ಮೊದಲು ಕೂಗಿ ವೇಗ ಆಮೇಲೆ ಬರುವುದು ಅದರ ಗುಣವೇ ಹೊರತು ರೋಗವಲ್ಲ. ಸಿವಿಟಿಗೆ ಮೀಸಲಾದ ಎಣ್ಣೆಯ ಬದಲು ಸಾಮಾನ್ಯ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಹಾಕಿದರೆ ಬೆಲ್ಟ್ ಜಾರಿ ಪುಲ್ಲಿಯ ಮೈ ಗೀರಿಹೋಗುತ್ತದೆ, ಆಮೇಲೆ ಎಣ್ಣೆ ಬದಲಿಸಿದರೂ ಪ್ರಯೋಜನವಿಲ್ಲ. ಡಿಸಿಟಿ ಎಂಬ ಇನ್ನೊಂದು ಬಗೆಯ ಆಟೊಮ್ಯಾಟಿಕ್‌ನಲ್ಲಿ ಬೆಸ ಗೇರುಗಳಿಗೊಂದು, ಸರಿ ಗೇರುಗಳಿಗೊಂದು ಎಂದು ಎರಡು ಕ್ಲಚ್ಚುಗಳಿದ್ದು, ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್ಚಿನ ಮಾದರಿಗಳು ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ನಡುಗುತ್ತವೆ. ಇದರ ಒಳಗಿನ ಕೆಲಸಕ್ಕೆ ವಿಶೇಷ ಉಪಕರಣಗಳು ಬೇಕಾಗುವುದರಿಂದ ನಾನು ಸ್ಕ್ಯಾನ್ ಮಾಡಿ, ದೋಷದ ಕೋಡ್ ಬರೆದುಕೊಟ್ಟು ಬೇರೆಡೆಗೆ ಕಳುಹಿಸುತ್ತೇನೆ.

ಘಾಟಿಯ ಬುಡದ ಗುಂಡ್ಯದ ಕಡೆಯಿಂದ ಕಾರು ಕೆಟ್ಟಿದೆ ಎಂದು ಕರೆ ಬಂದಾಗ ನಾನು ಮೊದಲು ಕೇಳುವುದು ಅದು ಯಾವ ಬಗೆಯ ಗೇರ್‌ಬಾಕ್ಸ್ ಎಂದು. ಮ್ಯಾನುಯಲ್ ಆದರೆ ನ್ಯೂಟ್ರಲ್‌ನಲ್ಲಿಟ್ಟು ಸ್ವಲ್ಪ ದೂರ ಎಳೆದು ತರಬಹುದು. ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಆದರೆ ಹಗ್ಗ ಕಟ್ಟಬೇಡಿ ಎನ್ನುತ್ತೇನೆ, ಏಕೆಂದರೆ ಒಳಗೆ ಎಣ್ಣೆ ಹರಿಸುವ ಪಂಪ್ ಎಂಜಿನ್ನಿನಿಂದ ತಿರುಗುವಂಥದು, ಎಂಜಿನ್ ನಿಂತಿರುವಾಗ ಚಕ್ರ ಉರುಳಿದರೆ ಒಳಭಾಗಗಳು ಎಣ್ಣೆಯಿಲ್ಲದೆ ಉಜ್ಜಿ ಹಾಳಾಗುತ್ತವೆ. ಅಂಥ ಕಾರಿಗೆ, ಬಾಡಿಗೆ ಹೆಚ್ಚಾದರೂ, ನಾಲ್ಕೂ ಚಕ್ರಗಳನ್ನು ಮೇಲೆ ಹೊರುವ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸುತ್ತೇನೆ.