ಸಿಮ್ಡೇಗಾದಲ್ಲಿ ನಮ್ಮ ಕ್ರಿಸ್‌ಮಸ್

ನಿವೃತ್ತಿಯ ನಂತರ ಮಿಷನ್ ಸೇವೆಗೆ ಹೊರಡಲು ಯೋಚಿಸುತ್ತಿರುವ ದಂಪತಿಗಳು ನನಗೆ ಫೋನ್ ಮಾಡಿದರೆ ಹೆಚ್ಚಾಗಿ ಕೇಳುವುದು ಭಾಷೆ, ಊಟ, ಬಿ.ಪಿ. ಮಾತ್ರೆ ಇವುಗಳ ಬಗ್ಗೆ. ಭಾಷೆ ಆರು ತಿಂಗಳಲ್ಲಿ ಬರುತ್ತದೆ, ಊಟ ಅದಕ್ಕೂ ಮೊದಲೇ ಹಿಡಿಸುತ್ತದೆ, ಮಾತ್ರೆಯನ್ನು ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ತರಿಸಿಕೊಳ್ಳಬಹುದು. ಡಿಸೆಂಬರ್ ತಿಂಗಳನ್ನು ಹೇಗೆ ಕಳೆದಿರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ ಮನೆ, ಮಕ್ಕಳು, ಸ್ವಂತ ದೇವಾಲಯ ಯಾವುದೂ ಇಲ್ಲದೆ ಕ್ರಿಸ್‌ಮಸ್ ಕಳೆಯುವುದು ನಮಗೆ ಉಳಿದೆಲ್ಲಕ್ಕಿಂತ ಭಾರವಾಗಿತ್ತು. ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ.

ನಾವು ಮಂಗಳೂರಿನವರು. ನಾನು ನರ್ಸ್ ಆಗಿದ್ದೆ, ನಮ್ಮವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಈಗ ಇರುವುದು ಜಾರ್ಖಂಡಿನ ಸಿಮ್ಡೇಗಾ ಜಿಲ್ಲೆಯ ಒಂದು ಸಣ್ಣ ಮಿಷನ್ ಆಸ್ಪತ್ರೆಯ ಆವರಣದಲ್ಲಿ. ಒಡಿಶಾದ ರೂರ್ಕೆಲಾದಲ್ಲಿ ರೈಲಿಳಿದು ಬಸ್ಸು ಹಿಡಿದು ಬರಬೇಕು. ನಾನು ಹೆರಿಗೆ ವಾರ್ಡಿನಲ್ಲಿ ಕಿರಿಯ ನರ್ಸ್‌ಗಳ ಜೊತೆ ನಿಂತು ಕೆಲಸ ಕಲಿಸುತ್ತೇನೆ. ಇವರು ಪಕ್ಕದ ಹಾಸ್ಟೆಲಿನ ಲೆಕ್ಕಪತ್ರ ನೋಡಿಕೊಂಡು, ಸಂಜೆ ಹೆಣ್ಣುಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ಮುಂಡಾ, ಖಾಡಿಯಾ, ಉರಾಂವ್ ಸಮುದಾಯಗಳ ಮಕ್ಕಳು ಅವರು. ನಮ್ಮನ್ನು ಆಜಾ, ಆಜಿ ಎಂದು ಕರೆಯುತ್ತಾರೆ.

ಮಂಗಳೂರಿನಲ್ಲಿ ನವೆಂಬರ್ ಕೊನೆಯಿಂದಲೇ ನನ್ನ ಕೈಗೆ ಬಿಡುವಿರುತ್ತಿರಲಿಲ್ಲ. ನೆವ್ರಿ, ಕಿಡಿಯೋ, ಗುಲಾಬಿ ಅಚ್ಚು, ಚಕ್ಕುಲಿ ಎಲ್ಲ ಸೇರಿದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳು, ತಯಾರಾಗಬೇಕು, ನೆರೆಹೊರೆಯ ಮನೆಗಳಿಗೆಲ್ಲ ತಟ್ಟೆ ಹೋಗಬೇಕು. ಇಲ್ಲಿ ಆ ದಿನಗಳು ಬಂದಾಗ ಕೈ ಖಾಲಿ. ನೆನಪು ಬಂದು ಕೂರುವುದು ಖಾಲಿ ಕೈಯ ಮೇಲೆಯೇ ಎಂಬುದು ನನಗೆ ಮೊದಲ ವಾರದಲ್ಲೇ ಗೊತ್ತಾಯಿತು. ಮನೆಯ ಹಬ್ಬವನ್ನು ಇಲ್ಲಿ ಮತ್ತೆ ಕಟ್ಟಲು ಹೋಗುವುದು ಬೇಡ, ಇಲ್ಲಿಯ ಹಬ್ಬದಲ್ಲಿ ನಮಗೊಂದು ಕೆಲಸ ಹುಡುಕಿಕೊಳ್ಳೋಣ ಎಂದು ಇಬ್ಬರೂ ಮಾತಾಡಿಕೊಂಡೆವು. ಅತಿಥಿಯಾಗಿ ಕುರ್ಚಿಯ ಮೇಲೆ ಕೂತು ಹಾರ ಹಾಕಿಸಿಕೊಳ್ಳುವುದು ಸುಲಭ. ಹಿರಿಯರು, ದೂರದಿಂದ ಬಂದವರು ಎಂದು ಜನ ಪ್ರೀತಿಯಿಂದಲೇ ಕೂರಿಸುತ್ತಾರೆ. ಆದರೆ ಒಬ್ಬಂಟಿತನ ಹೆಚ್ಚಾಗುವುದು ಆ ಕುರ್ಚಿಯಲ್ಲೇ.

ನನಗೆ ಸಿಕ್ಕ ಕೆಲಸ ಅಡುಗೆಮನೆಯದು. ಇಲ್ಲಿ ಕ್ರಿಸ್‌ಮಸ್ ಎಂದರೆ ಅರ್ಸಾ ಎಂಬ ಸಿಹಿತಿಂಡಿ. ಹೊಸ ಭತ್ತ ಮನೆಗೆ ಬಂದಿರುವ ಸಮಯ. ಅಕ್ಕಿ ನೆನೆಸಿ, ನೀರು ಬಸಿದು, ತೇವ ಆರುವ ಮೊದಲೇ ಢೇಂಕಿಗೆ ಹಾಕಿ ಕುಟ್ಟುತ್ತಾರೆ. ಢೇಂಕಿ ಎಂದರೆ ಕಾಲಿನಿಂದ ತುಳಿದು ಕುಟ್ಟುವ ಮರದ ಒನಕೆ. ಇಬ್ಬರು ತುಳಿದರೆ ಒಬ್ಬಳು ಗುಂಡಿಯ ಬಳಿ ಕೂತು, ಒನಕೆ ಮೇಲೆದ್ದಾಗಲೆಲ್ಲ ಹಿಟ್ಟನ್ನು ತಿರುವಿ ಹಾಕುತ್ತಾಳೆ. ನಂತರ ಬೆಲ್ಲದ ಪಾಕ. ಹಾಸ್ಟೆಲಿನ ಅಡುಗೆಯ ದೀದಿ ಒಂದು ಬಟ್ಟಲು ತಣ್ಣೀರಿಗೆ ಪಾಕದ ಹನಿ ಬಿಟ್ಟು, ಬೆರಳಿನಿಂದ ಒಟ್ಟುಮಾಡಿ ಉಂಡೆಯಾಗುತ್ತದೆಯೇ ಎಂದು ನೋಡಿದಾಗ ನನ್ನ ಎದೆ ತುಂಬಿ ಬಂತು. ನಮ್ಮ ಕಜ್ಜಾಯದ ಹದ ಅದೇ. ಅಮ್ಮ ಹಾಗೆಯೇ ನೋಡುತ್ತಿದ್ದರು. ನಾನು ಏನೂ ಹೇಳದೆ ಸೌಟು ತೆಗೆದುಕೊಂಡು ಹಿಟ್ಟು ಕಲಸಲು ಕೂತೆ. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದ ದೀದಿ ಎಣ್ಣೆಯ ಬಾಣಲೆಯನ್ನೂ ನನಗೇ ಒಪ್ಪಿಸಿದಳು.

ಬದಲಿಗೆ ನಾನು ಗುಲಾಬಿ ಅಚ್ಚು ಮಾಡಿ ತೋರಿಸಿದೆ. ಮಗಳು ಕಬ್ಬಿಣದ ಅಚ್ಚನ್ನೂ ತೆಂಗಿನ ಹಾಲಿನ ಪುಡಿಯನ್ನೂ ಪಾರ್ಸೆಲಿನಲ್ಲಿ ಕಳಿಸಿದ್ದಳು; ಇಲ್ಲಿಯ ಅಂಗಡಿಯಲ್ಲಿ ಸಿಗುವ ಒಣಕಲು ಕಾಯಿಯಿಂದ ಹಾಲು ಹೊರಡುವುದಿಲ್ಲ. ಅಚ್ಚನ್ನು ಮೊದಲು ಎಣ್ಣೆಯಲ್ಲೇ ಇಟ್ಟು ಚೆನ್ನಾಗಿ ಕಾಯಿಸಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಮುಳುಗಿಸಬೇಕು. ಪೂರ್ತಿ ಮುಳುಗಿದರೆ ಹೂವು ಬಿಡಿಸಿಕೊಳ್ಳುವುದಿಲ್ಲ. ಮೊದಲ ಹೂವು ಅಚ್ಚು ಬಿಟ್ಟು ಎಣ್ಣೆಯಲ್ಲಿ ತೇಲಿದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು. ಆಮೇಲೆ ಅಚ್ಚು ನನ್ನ ಕೈಗೆ ವಾಪಸು ಬರಲೇ ಇಲ್ಲ. ಮನೆಯಿಂದ ತಿಂಡಿ ಕಳಿಸಲು ಮಕ್ಕಳು ಮುಂದಾದರೆ, ತಿಂಡಿ ಬೇಡ, ಅದನ್ನು ಮಾಡುವ ಸಾಮಾನು ಕಳಿಸಿ ಎನ್ನಿ.

ಇವರಿಗೆ ಸಿಕ್ಕ ಕೆಲಸ ಹಾಡಿನದು. ಮಂಗಳೂರಿನ ಬಲ್ಮಠದ ದೇವಾಲಯದ ಗಾಯನ ಮಂಡಳಿಯಲ್ಲಿ ಎಷ್ಟೋ ವರ್ಷ ಬೇಸ್, ಅಂದರೆ ತಗ್ಗು ಸ್ವರದ ಪಾಲು, ಹಾಡಿದವರು. ಇಲ್ಲಿಯ ಹಿಂದಿ ಗೀತೆಗಳ ಪುಸ್ತಕ ತೆರೆದು ಕೂತರೆ ಅರ್ಧಕ್ಕರ್ಧ ಧಾಟಿ ಪರಿಚಯದವೇ. ಅದರಲ್ಲಿ ಆಶ್ಚರ್ಯವೂ ಇಲ್ಲ, ಎರಡೂ ಕಡೆಗೆ ಈ ಧಾಟಿಗಳನ್ನು ತಂದವರು ಜರ್ಮನ್ ಮಿಷನರಿಗಳೇ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಗೋಸ್ನರ್ ಮಿಷನ್‌ನ ನಾಲ್ವರು ಜರ್ಮನರು ರಾಂಚಿ ತಲುಪಿದ್ದು 1845ರ ನವೆಂಬರ್ 2ರಂದು. ಮೊದಲ ಮಹಾಯುದ್ಧ ಬಂದಾಗ ಎರಡೂ ಕಡೆಯ ಜರ್ಮನರು ತಮ್ಮ ಕೆಲಸ ಬಿಟ್ಟು ಹೋಗಬೇಕಾಯಿತು. ಇಲ್ಲಿಯ ಸಭೆ ಯಾರಿಗಾಗಿಯೂ ಕಾಯದೆ 1919ರ ಜುಲೈನಲ್ಲಿ ತಾನೇ ತನ್ನ ಆಡಳಿತ ವಹಿಸಿಕೊಂಡಿತು. ಆ ಧೈರ್ಯದ ಬಗ್ಗೆ ನನಗೆ ತುಂಬ ಗೌರವವಿದೆ. ಜನರು ಹೋದರೂ ಧಾಟಿ ಉಳಿಯಿತು, ಅದಕ್ಕೆ ಮಾಂದರ್ ಸೇರಿತು. ಮಣ್ಣಿನ ಮೈಯ ಆ ಮದ್ದಳೆಯನ್ನು ಕೊರಳಿಗೆ ಹಾಕಿಕೊಂಡು ಯುವಕರು ಮನೆಮನೆಗೆ ಹೋಗುತ್ತಾರೆ. ಕೆಂಪು ಅಂಚಿನ ಬಿಳಿ ಸೀರೆಯುಟ್ಟ ಹೆಂಗಸರು ಕೈಗೆ ಕೈ ಹೆಣೆದು ಸಾಲಾಗಿ ಹೆಜ್ಜೆ ಹಾಕುತ್ತಾರೆ. ಇವರು ಕನ್ನಡದಲ್ಲಿ ಬೇಸ್ ಹಾಡುತ್ತಿದ್ದರೆ ಪಕ್ಕದವರು ಹಿಂದಿಯಲ್ಲಿ, ಹಿಂದಿನ ಸಾಲಿನ ಮುದುಕಿ ಮುಂಡಾರಿಯಲ್ಲಿ ಹಾಡುತ್ತಾಳೆ. ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ.

ಚಳಿಯ ಬಗ್ಗೆ ಒಂದು ಮಾತು. ಕರಾವಳಿಯ ಮೈಗೆ ಇಲ್ಲಿಯ ಡಿಸೆಂಬರ್ ರಾತ್ರಿ ಸುಲಭವಲ್ಲ. ಮನೆಗಳಲ್ಲಿ ಬೋರ್ಸಿ ಇಡುತ್ತಾರೆ, ಮಣ್ಣಿನ ಅಗ್ಗಿಷ್ಟಿಕೆ. ಅದರ ಸುತ್ತ ಕೂತು ಮಾತಾಡುವ ಸಂಜೆಗಳು ಬಹಳ ಚೆನ್ನ. ಆದರೆ ಕಿಟಕಿ ಬಾಗಿಲು ಮುಚ್ಚಿ, ಬೋರ್ಸಿಯನ್ನು ಒಳಗಿಟ್ಟುಕೊಂಡು ಮಲಗಬಾರದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ನರ್ಸ್ ಆಗಿ ಇದನ್ನು ಎಲ್ಲರಿಗೂ ಹೇಳುತ್ತೇನೆ.

24ರ ರಾತ್ರಿಯ ಡ್ಯೂಟಿಯನ್ನು ನಾನೇ ಕೇಳಿ ಹಾಕಿಸಿಕೊಂಡೆ. ಸಣ್ಣ ಮಕ್ಕಳಿರುವ ನರ್ಸ್‌ಗಳು ಆ ರಾತ್ರಿಯ ಆರಾಧನೆಗೆ ತಮ್ಮ ಹಳ್ಳಿಗೆ ಹೋಗಬೇಕು. ನನಗೆ ಕಾಯುವ ಮಕ್ಕಳು ಇಲ್ಲಿಲ್ಲ. ಹಿರಿಯ ದಂಪತಿಗಳು ಕೊಡಬಹುದಾದ ಅತ್ಯುತ್ತಮ ಕ್ರಿಸ್‌ಮಸ್ ಉಡುಗೊರೆ ಇದೇ ಎಂದು ನನ್ನ ದೃಢ ಅಭಿಪ್ರಾಯ: ಬೇರೆಯವರು ಮನೆಗೆ ಹೋಗುವಂತಾಗಲಿ ಎಂದು ನಾವು ಉಳಿಯುವುದು. ಒಬ್ಬ ಕಿರಿಯ ನರ್ಸ್ ಜೊತೆಗಿದ್ದಳು. ಆ ರಾತ್ರಿಯ ದೊಡ್ಡ ಚಿಂತೆ ತೂಕ ಕಡಿಮೆಯಿದ್ದ ಒಂದು ಹಸುಗೂಸು. ಇಂಥ ಚಳಿಯಲ್ಲಿ ಕೂಸಿನ ಮೈ ಬೇಗ ತಣ್ಣಗಾಗುತ್ತದೆ. ಬಟ್ಟೆ ಬಿಚ್ಚಿ, ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಉಳಿಸಿ, ತಾಯಿಯ ಬರಿ ಎದೆಗೆ ನೇರವಾಗಿ ಒರಗಿಸಿ, ಸೀರೆಯಿಂದ ಬಿಗಿದು ಮೇಲೆ ಕಂಬಳಿ ಹೊದಿಸಿದೆವು. ಕೂಸಿನ ತಲೆ ಒಂದು ಬದಿಗೆ ತಿರುಗಿರಬೇಕು, ಮೂಗು ಮುಚ್ಚಬಾರದು. ಗಂಟೆಗೊಮ್ಮೆ ಪಾದ ಮುಟ್ಟಿ ನೋಡುತ್ತಿದ್ದೆ. ಇನ್ನೂ ಹುಡುಗಿಯಂತಿದ್ದ ಆ ತಾಯಿ ರಾತ್ರಿಯಿಡೀ ಅಲುಗಾಡದೆ ಕೂತಿದ್ದಳು. ಬೆಳಗಿನ ಜಾವ ಪಾದ ಬೆಚ್ಚಗಿತ್ತು, ಕೂಸು ಚೆನ್ನಾಗಿ ಹಾಲು ಚೀಪಿತು.

ಮಕ್ಕಳಿಗೆ ಫೋನ್ ಮಾಡುವುದನ್ನು ಹಬ್ಬದ ದಿನ ಇಟ್ಟುಕೊಳ್ಳಬೇಡಿ ಎನ್ನುತ್ತೇನೆ. ಅತ್ತ ಅವರು ಊಟಕ್ಕೆ ಕೂರುವ ಗಡಿಬಿಡಿ, ಇತ್ತ ನಮಗೆ ತಟ್ಟೆಯಲ್ಲಿ ಏನಿದೆ, ಯಾರು ಬಂದಿದ್ದಾರೆ ಎಂದು ಕಣ್ಣು ಹುಡುಕುತ್ತದೆ. ಮಾತು ಮುಗಿದ ಮೇಲೆ ಇಬ್ಬರಿಗೂ ಸಂಕಟ. ನಾವು 23ರ ಸಂಜೆ ಸಾವಧಾನವಾಗಿ ಮಾತಾಡಿ, ಒಟ್ಟಿಗೆ ಪ್ರಾರ್ಥನೆ ಮಾಡಿ, ಮುಂದಿನ ಫೋನ್ 26ಕ್ಕೆ ಎಂದು ಗೊತ್ತುಮಾಡಿಕೊಂಡೆವು. ಮೊಮ್ಮಗುವಿನ ಮೊದಲ ಕ್ರಿಸ್‌ಮಸ್ ಅದು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ಬೇಸರ ಇದ್ದಾಗಲೇ, 25ರ ಮಧ್ಯಾಹ್ನ, ದೇವಾಲಯದ ಅಂಗಳದಲ್ಲಿ ಸಾಲ್ ಎಲೆಯ ಪತ್ರಾವಳಿ ಹಿಡಿದು ನಿಂತಿದ್ದೆ. ಹಿಂದಿನಿಂದ ಒಬ್ಬ ಹುಡುಗ, “ಅಮ್ಮಾ, ಊಟ ಆಯಿತೇ?” ಎಂದು ಅಚ್ಚ ಕನ್ನಡದಲ್ಲಿ ಕೇಳಿದ. ಬೆಂಗಳೂರಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವನು. ಹಿಂದಿನ ವರ್ಷ ರಜೆ ಸಿಗದೆ ಕ್ರಿಸ್‌ಮಸ್ ರಾತ್ರಿ ಬೇರೆಯವರ ಹಬ್ಬದೂಟದ ಪಾತ್ರೆ ತೊಳೆಯುತ್ತಿದ್ದನಂತೆ. ಅವನ ತಾಯಿ ಪಕ್ಕದಲ್ಲೇ ನಿಂತು ಅವನ ತೋಳು ಬಿಡದೆ ಹಿಡಿದುಕೊಂಡಿದ್ದಳು. ಈ ಜಿಲ್ಲೆಯ ಎಷ್ಟೋ ಮನೆಗಳಿಂದ ಮಕ್ಕಳು ಕೇರಳಕ್ಕೆ, ಗೋವಾಕ್ಕೆ, ನಮ್ಮ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾರೆ. ನಾವು ಇಷ್ಟಪಟ್ಟು, ಪಿಂಚಣಿಯ ಆಸರೆಯಲ್ಲಿ, ಹಿಂದಿರುಗುವ ದಿನ ಗೊತ್ತಿದ್ದು ಮನೆ ಬಿಟ್ಟು ಬಂದವರು. ಅವರಿಗೆ ಆ ಯಾವ ಅನುಕೂಲವೂ ಇಲ್ಲ. ಅವನನ್ನು ಕೂರಿಸಿಕೊಂಡು ಬಹಳ ಹೊತ್ತು ಕನ್ನಡದಲ್ಲಿ ಮಾತಾಡಿದೆ. ಮಂಗಳೂರಿಗೆ ಬಂದರೆ ಮಗಳ ಮನೆಗೆ ಹೋಗು ಎಂದು ವಿಳಾಸ ಬರೆದುಕೊಟ್ಟೆ. ನಿಮ್ಮ ಊರಿನ ದೇವಾಲಯದ ಕೊನೆಯ ಬೆಂಚಿನಲ್ಲಿ ಇಂಥ ಹುಡುಗರು ಕೂತಿರುತ್ತಾರೆ. ದಯವಿಟ್ಟು ಅವರನ್ನು ಕ್ರಿಸ್‌ಮಸ್ ಊಟಕ್ಕೆ ಮನೆಗೆ ಕರೆಯಿರಿ.

ಹಬ್ಬ ಮುಗಿದ ಮೇಲೆ ಹಾಕಿ ಪಂದ್ಯಗಳು. ಭಾರತಕ್ಕೆ ಹಾಕಿ ಆಡಿದ ಸಿಲ್ವಾನಸ್ ಡುಂಗ್‌ಡುಂಗ್, ಸಲೀಮಾ ಟೇಟೆ ಇಬ್ಬರೂ ಈ ಜಿಲ್ಲೆಯವರೇ. ಗೆದ್ದ ತಂಡಕ್ಕೆ ಬಹುಮಾನವಾಗಿ ಒಂದು ಹೋತ ಕೊಡುವ ಪಂದ್ಯಗಳೂ ಉಂಟು. ಇವರಿಗೆ ಅಂಕ ಬರೆಯುವ ಕೆಲಸ ಕೊಟ್ಟಿದ್ದರು. ಇಡೀ ದಿನ ಮೈದಾನದಲ್ಲೇ ಇದ್ದರು.

ನಮ್ಮ ಅವಧಿಯನ್ನು ಇನ್ನೊಂದು ವರ್ಷ ಮುಂದುವರಿಸಿದ್ದೇವೆ. ಈ ಡಿಸೆಂಬರಿನಲ್ಲಿ ಮಗಳು, ಅಳಿಯ, ಮೊಮ್ಮಗು ಇಲ್ಲಿಗೇ ಬರುತ್ತಾರೆ. ಮಗುವಿಗೆ ಉಣ್ಣೆಯ ಟೋಪಿ, ನನಗೆ ಇನ್ನೂ ಎರಡು ಗುಲಾಬಿ ಅಚ್ಚು, ಇವರಿಗೆ ಕನ್ನಡ ಗೀತೆಗಳ ದಪ್ಪಕ್ಷರದ ಪುಸ್ತಕ ತರಬೇಕೆಂದು ಹೇಳಿದ್ದೇನೆ. 24ರ ರಾತ್ರಿ ನಾನು ವಾರ್ಡಿನಲ್ಲಿರುತ್ತೇನೆ ಎಂದೂ ಹೇಳಿದ್ದೇನೆ. ಮಗಳಿಗೆ ಅದು ಅಷ್ಟು ಹಿಡಿಸಿಲ್ಲ.