ಎರಡು ಮನೆ, ಒಂದು ಶಾಲೆ: ಬೇರೆಯಾದ ಅಪ್ಪ-ಅಮ್ಮ ತೀರ್ಮಾನ ಮಾಡುವುದು ಹೇಗೆ?

ಮಗುವಿನ ಶಾಲೆಯಿಂದ ಶುರುವಾದ ಮಾತು ಹತ್ತೇ ನಿಮಿಷದಲ್ಲಿ ಹಳೇ ಜಗಳಕ್ಕೆ ಬಂದು ನಿಲ್ಲುತ್ತದೆ, ಅಲ್ವಾ? ಅದಕ್ಕೇ ಯಾವ ಶಾಲೆ ಅನ್ನುವುದಕ್ಕಿಂತ ಮೊದಲು, ಹೇಗೆ ತೀರ್ಮಾನಿಸೋಣ ಅನ್ನುವುದನ್ನು ಮಾತಾಡಿಕೊಳ್ಳಿ.

ಮೊದಲು ಕೋರ್ಟಿನ ಆದೇಶವನ್ನೋ ಒಪ್ಪಂದ ಪತ್ರವನ್ನೋ ತೆಗೆದು ಓದಿ. ಮಗು ಯಾರ ಬಳಿ ಇರಬೇಕು ಅನ್ನುವುದು ಒಂದು ವಿಷಯ, ಓದಿನ ಬಗ್ಗೆ ಯಾರು ತೀರ್ಮಾನಿಸಬೇಕು ಅನ್ನುವುದು ಇನ್ನೊಂದು. 'ನನ್ನ ಹತ್ತಿರ ಇದ್ದಾಳೆ, ನಾನೇ ಸೇರಿಸುತ್ತೇನೆ' ಎಂದು ಹೊರಡಬೇಡಿ. ಗೊಂದಲವಿದ್ದರೆ ವಕೀಲರನ್ನು ಕೇಳಿ. ಹೊಡೆತ, ಬೆದರಿಕೆ ಇದ್ದ ಸಂಸಾರವಾಗಿದ್ದರೆ ಎದುರುಬದುರು ಕೂರುವುದೇ ಬೇಡ, ಮಾತುಕತೆಯೆಲ್ಲ ವಕೀಲರ ಮೂಲಕವೇ ಆಗಲಿ.

ಆಮೇಲೆ ಕೆಲಸ ಹಂಚಿಕೊಳ್ಳಿ. ಶಾಲೆ ಬದಲಿಸುವುದು, ಕಲಿಕೆಯ ಮಾಧ್ಯಮ, ಹಾಸ್ಟೆಲ್, ದೊಡ್ಡ ಖರ್ಚು, ಇವಕ್ಕೆ ಇಬ್ಬರೂ ಒಪ್ಪಬೇಕು. ಹೋಮ್‌ವರ್ಕ್, ಜ್ವರದ ರಜೆ, ಇವೆಲ್ಲ ಆ ದಿನ ಮಗು ಯಾರ ಮನೆಯಲ್ಲಿದೆಯೋ ಅವರದ್ದು. ಇದಕ್ಕೂ ಫೋನ್ ಮಾಡಿ ಕೇಳುತ್ತಾ ಕೂತರೆ ಇಬ್ಬರಿಗೂ ಸುಸ್ತು.

ಅರ್ಜಿಯ ಕೊನೆ ದಿನದಿಂದ ಹಿಂದಕ್ಕೆ ಎಣಿಸಿ. 3 ತಿಂಗಳ ಮುಂಚೆ ಮಾತು ಶುರುವಾಗಲಿ. 2 ತಿಂಗಳು ಉಳಿದಾಗಲೂ ಒಮ್ಮತ ಬರದಿದ್ದರೆ ಮಧ್ಯಸ್ಥಿಕೆಗಾರರ ಹತ್ತಿರ ಹೋಗುವುದು ಅಂತ ಈಗಲೇ ಬರೆದಿಟ್ಟುಕೊಳ್ಳಿ. ಕೋರ್ಟು ಕೊನೆಯ ದಾರಿ. ಅಲ್ಲಿ ದಿನಾಂಕದ ಮೇಲೆ ದಿನಾಂಕ ಬೀಳುತ್ತದೆ, ಶಾಲೆಯವರು ಅಲ್ಲಿಯವರೆಗೆ ಸೀಟು ಹಿಡಿದಿಡುವುದಿಲ್ಲ.

ಶಾಲೆ ನೋಡಲು ಇಬ್ಬರೂ ಹೋಗಿ, ಬೇಕಿದ್ದರೆ ಬೇರೆ ಬೇರೆ ದಿನ. ಒಂದು ಕೆಲಸ ಮಾತ್ರ ತಪ್ಪಿಸಬೇಡಿ: ಶಾಲೆ ನಡೆಯುವ ದಿನ, ಬೆಳಗಿನ ಹೊತ್ತಿನಲ್ಲೇ, ಎರಡೂ ಮನೆಯಿಂದ ಹೊರಟು ಗಡಿಯಾರ ನೋಡಿ. ಭಾನುವಾರ 20 ನಿಮಿಷಕ್ಕೆ ಮುಗಿದ ದಾರಿ ಸೋಮವಾರ 50 ನಿಮಿಷ ತಿನ್ನಬಹುದು. ಹಾಗೆ ದಿನಾ ಓಡಾಡಬೇಕಾದದ್ದು ಮಗು, ನೀವಲ್ಲ.

ಮಗುವನ್ನೂ ಕೇಳಿ. ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಹಾಗಂತ ತೀರ್ಪಿನ ಭಾರವನ್ನು ಅದರ ತಲೆಗೆ ಕಟ್ಟಬೇಡಿ. 'ಅಪ್ಪ ಹೇಳಿದ ಶಾಲೆನಾ, ಅಮ್ಮ ಹೇಳಿದ್ದಾ?' ಅನ್ನುವ ಪ್ರಶ್ನೆಗೆ ಮಗು ಸುಮ್ನೆ 'ಯಾವುದಾದ್ರೂ ಸರಿ' ಅನ್ನುತ್ತದೆ. ಇಬ್ಬರಿಗೂ ಬೇಜಾರಾಗಬಾರದಲ್ಲ! ಅದರ ಬದಲು, 'ಊಟದ ಬಿಡುವಿನಲ್ಲಿ ಯಾರ ಜೊತೆ ಕೂರುತ್ತೀಯ? ಯಾವ ಪೀರಿಯಡ್ ಬೇಗ ಮುಗಿದರೆ ಸಾಕು ಅನ್ನಿಸುತ್ತೆ?' ಎಂದು ಕೇಳಿ ನೋಡಿ.

ಸೇರಿಸಿದ ಮೇಲೆ ಇಬ್ಬರ ಫೋನ್ ನಂಬರನ್ನೂ ಶಾಲೆಗೆ ಕೊಡಿ. ಅಂಕಪಟ್ಟಿ, ಸಭೆಯ ಸೂಚನೆ ನೇರವಾಗಿ ಇಬ್ಬರಿಗೂ ಬರಲಿ. ಮಗುವಿನ ಕೈಲಿ ಚೀಟಿ ಕಳಿಸಬೇಡಿ. ಯಾರು ಕರೆದುಕೊಂಡು ಹೋಗಬಹುದು ಎಂಬುದನ್ನು ಬರೆದುಕೊಡಿ. ಟೀಚರಿಗೆ ಇಷ್ಟು ಸಾಕು, ನಿಮ್ಮಿಬ್ಬರ ಕಥೆ ಬೇಡ.

ಇನ್ನು, ನಾಳೆ ಪರೀಕ್ಷೆ ಅನ್ನುವಾಗ ಗಣಿತದ ಪುಸ್ತಕ ಆ ಮನೆಯಲ್ಲೇ ಉಳಿದಿರುತ್ತದೆ. 'ಪುಟ 42ರ ಫೋಟೋ ಕಳಿಸಿ' ಎಂದು ಮೆಸೇಜ್ ಬಂದರೆ ಫೋಟೋ ಮಾತ್ರ ಕಳಿಸಿ. ಬ್ಯಾಗ್ ತುಂಬಿಸಿದ್ದು ಯಾರು ಅಂತ ಕೇಳಬೇಡಿ.